ಇನ್ನು ಮುಂದೆ ಕೊಟೇಶನ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಹೆಸರು

ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಶಿರಸಿ ಅಂಗಡಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ (ಕಂಪ್ಯೂಟರ್ ಪರದೆಗೆ ಚಿತ್ರ ಮೂಡಿಸುವ ಭಾಗ) ರೇಟನ್ನು ಫೋನಿನಲ್ಲಿ ಹೇಳುವುದಿಲ್ಲ. '3050 ಎಷ್ಟು?' ಅಂತ ಕಾರ್ಡಿನ ಬರೀ ಅಂಕಿ ಹೇಳಿ ನೀವು ಕೇಳಿದರೆ 'ಯಾವ 3050?' ಅಂತ ನಾವು ತಿರುಗಿ ಕೇಳುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ.

ಇದಕ್ಕೆ ಕಾರಣ ನಮ್ಮದೇ ತಪ್ಪು. ಮಳೆಗಾಲಕ್ಕೆ ಮುಂಚೆ ಸಿದ್ದಾಪುರದ ಕಡೆಯವರೊಬ್ಬರು ಆರ್ಕಿಟೆಕ್ಚರ್ ಓದುವ ಮಗಳಿಗೆ ಕಂಪ್ಯೂಟರ್ ಮಾಡಿಸಿಕೊಂಡರು. ಕೊಟೇಶನ್‌ನಲ್ಲಿ ನಾವು ಬರೆದದ್ದು 'ಆರ್‌ಟಿಎಕ್ಸ್ 3050', ಅಷ್ಟೇ. ವಾರ ಬಿಟ್ಟು ಕಾರ್ಡಿನ ಡಬ್ಬಿ ಹಿಡಿದುಕೊಂಡೇ ಬಂದರು. 'ಇವಳ ಗೆಳತಿಯದ್ದೂ 3050. ಅದು ಸರಾಗ ಓಡ್ತದೆ, ಇದು ಎಂತಕ್ಕೆ ಎಳೀತದೆ ಮಾರಾಯ್ರೆ?' ಗೆಳತಿಯದ್ದು 8 ಜಿಬಿ. ನಾವು ಹಾಕಿದ್ದು 6 ಜಿಬಿ.

2 ಜಿಬಿ ಮೆಮೊರಿ ಕಮ್ಮಿ, ಅಷ್ಟೇ ಅಲ್ವಾ? ಅಲ್ಲ. 8 ಜಿಬಿಯದರಲ್ಲಿ 2560 ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕ) ಇದ್ದರೆ 6 ಜಿಬಿಯದರಲ್ಲಿ 2304. ಮೆಮೊರಿಯ ದಾರಿಯೂ 128 ಬಿಟ್‌ನಿಂದ 96ಕ್ಕೆ ಕಿರಿದಾಗಿದೆ. ಹಾಗಂತ 6 ಜಿಬಿಯದು ಕೆಟ್ಟದ್ದೇನಲ್ಲ. ಅದಕ್ಕೆ 70 ವ್ಯಾಟ್ ಸಾಕು, ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಬೇರೆ ವೈರೂ ಬೇಡ. ಹಳೇ ಆಫೀಸ್ ಕಂಪ್ಯೂಟರಿಗೆ ಹೇಳಿ ಮಾಡಿಸಿದ ಹಾಗಿದೆ. ಇದನ್ನೆಲ್ಲ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. ಕಾರ್ಡು ಬದಲಿಸಿ ಕೊಟ್ಟೆವು.

ನಮ್ಮೂರಲ್ಲಿ 'ರಾಶಿ' ಅಂತ ಅಡಿಕೆಯ ಬಗೆ ಹೇಳಿದ ಮಾತ್ರಕ್ಕೆ ಯಾರೂ ಅದಕ್ಕೆ ದರ ಕಟ್ಟುವುದಿಲ್ಲ. ಚೀಲಕ್ಕೆ ಕೈ ಹಾಕಿ, ತೆಗೆದು ನೋಡುತ್ತಾರೆ. ಕಾರ್ಡಿಗೂ ಅದೇ ಬೇಕು.

ಅಂಕಿ ದೊಡ್ಡದಾದರೆ ವೇಗ ಜಾಸ್ತಿ ಅಂತಲೂ ಇಲ್ಲ. ಈ ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ಮೊದಲ ಎರಡು ಅಂಕಿ ತಲೆಮಾರು, ಕೊನೆಯ ಎರಡು ಆ ತಲೆಮಾರಿನೊಳಗಿನ ದರ್ಜೆ. 4060 ಆಮೇಲೆ ಬಂದದ್ದು, ಆದರೂ ಹೆಚ್ಚಿನ ಆಟಗಳಲ್ಲಿ ಹಳೇ 3070 ಮುಂದಿರುತ್ತದೆ. ಕರೆಂಟು ಮಾತ್ರ 4060ಕ್ಕೆ 115 ವ್ಯಾಟ್, 3070ಗೆ 220. ಲ್ಯಾಪ್‌ಟಾಪಿನದು ಇನ್ನೂ ಗೋಜಲು. ಅದೇ 4060 ಒಂದರಲ್ಲಿ 35 ವ್ಯಾಟ್, ಇನ್ನೊಂದರಲ್ಲಿ 115 ಇರಬಹುದು. ಸ್ಟಿಕ್ಕರ್ ಎರಡಕ್ಕೂ ಒಂದೇ!

ಇನ್ನು ಕೊಟೇಶನ್‌ನಲ್ಲಿ 'ಟಿಐ', 'ಸೂಪರ್' ಬಾಲದ ಸಮೇತ ಪೂರ್ತಿ ಹೆಸರು, ಮೆಮೊರಿ, ಬಿಟ್, ವ್ಯಾಟ್ ಎಲ್ಲ ಇರುತ್ತದೆ. ನಿಮ್ಮ ಕೆಲಸದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತನ್ನಿ, ಅಂಗಡಿಯ ಮಷಿನ್‌ನಲ್ಲಿ ಓಡಿಸಿ ತೋರಿಸುತ್ತೇವೆ. ಆಟಕ್ಕಾದರೆ ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ (ಚಿತ್ರ) ಬರುತ್ತದೆ ಅಂತ ಒಂದೇ ಅಲ್ಲ, ಕೆಳಗೆ ಎಷ್ಟಕ್ಕೆ ಇಳಿಯುತ್ತದೆ ಅಂತಲೂ ಬರೆದುಕೊಡುತ್ತೇವೆ. ತಡವರಿಸುವುದು ಗೊತ್ತಾಗುವುದು ಅಲ್ಲೇ.

ಇದರಿಂದ ಕೊಟೇಶನ್ ಕೈಗೆ ಸಿಗಲು ಒಂದು ದಿನ ಜಾಸ್ತಿ ಹಿಡಿಯುತ್ತದೆ. ನಮ್ಮ ಹಳೇ ಬಿಲ್ಲಿನಲ್ಲಿ ಬರೀ '3050' ಅಂತಿದ್ದರೆ ಅದನ್ನೂ ತನ್ನಿ. ಯಾವುದು ಅಂತ ನೋಡಿ, ಬರೆದು, ಸೀಲು ಹಾಕಿ ಕೊಡುತ್ತೇವೆ.

ನಿಮ್ಮ ಕಂಪ್ಯೂಟರ್ ಅಂಗಡಿಯವರು,
ಶಿರಸಿ