ಬಿಸಿಯೂಟದ ಅಕ್ಕಂದಿರಿಗೆ ಸಂಬಳ ಯಾವಾಗ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ, ಅದರಲ್ಲಿ ಕೊನೆಯ ಹನ್ನೊಂದು ವರ್ಷ ಮುಖ್ಯ ಶಿಕ್ಷಕನಾಗಿದ್ದು ನಿವೃತ್ತನಾದವನು ನಾನು. ಆ ಹನ್ನೊಂದು ವರ್ಷವೂ ತಿಂಗಳ ಕೊನೆಗೆ ಬಿಸಿಯೂಟದ ಅಡುಗೆಯವರ ಹಾಜರಿ ಪಟ್ಟಿಗೆ ಸಹಿ ಹಾಕಿ ತಾಲ್ಲೂಕಿನ ಕಚೇರಿಗೆ ಕಳಿಸುತ್ತಿದ್ದೆ. ನನ್ನ ಸಂಬಳದ ಬಿಲ್ಲಿನಲ್ಲಿ ಮೂಲ ವೇತನ, ತುಟ್ಟಿಭತ್ಯೆ, ಮನೆಬಾಡಿಗೆ ಎಂದು ಹಲವು ಕಲಮುಗಳಿದ್ದರೆ, ಅವರ ಪಟ್ಟಿಯಲ್ಲಿ ಇದ್ದದ್ದು ಒಂದೇ ಪದ: ಗೌರವಧನ. ಈ ಪದವನ್ನು ಇಷ್ಟು ವರ್ಷ ಪ್ರಶ್ನಿಸದೆ ಬರೆದುಕೊಂಡು ಬಂದೆನಲ್ಲ ಎಂಬ ಸಂಕಟ ನಿವೃತ್ತಿಯ ನಂತರ ಹೆಚ್ಚಾಗಿದೆ. ಬಜೆಟ್ ತಯಾರಿಯ ಮಾತು ನಡೆದಿರುವ ಈ ಹೊತ್ತಿನಲ್ಲಿ ಅದರ ಬಗ್ಗೆ ತಮ್ಮ ಪತ್ರಿಕೆಯ ಓದುಗರೊಂದಿಗೆ ನಾಲ್ಕು ಮಾತು ಹಂಚಿಕೊಳ್ಳಲು ಅವಕಾಶ ಕೋರುತ್ತೇನೆ.

ಬಿಸಿಯೂಟದ ಕೆಲಸ ದಿನಕ್ಕೆ ನಾಲ್ಕು ಗಂಟೆಯದು, ಆದ್ದರಿಂದ ಅದಕ್ಕೆ ಪೂರ್ಣ ಕೂಲಿ ಕೇಳುವುದು ಸರಿಯಲ್ಲ ಎಂಬ ವಾದವನ್ನು ಅಧಿಕಾರಿಗಳ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹಾಗೆ ಹೇಳುವವರು ಒಂದು ದಿನ ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಬೇಕು. ನಾನು ಕೊನೆಗೆ ಕೆಲಸ ಮಾಡಿದ ಶಾಲೆಯಲ್ಲಿ ಸುಮಾರು 180 ಮಕ್ಕಳಿದ್ದರು. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಅಲ್ಲಿಂದ ಮುಂದೆ ಪ್ರತಿ ನೂರು ಮಕ್ಕಳಿಗೆ ಇನ್ನೊಬ್ಬರು ಎಂಬ ನಿಯಮದಂತೆ ನಮ್ಮಲ್ಲಿ ಮೂವರು ಅಡುಗೆಯವರು. ಬೆಳಿಗ್ಗೆ ಎಂಟೂವರೆಗೆ ಅವರಲ್ಲೊಬ್ಬರು ಬಂದು ಅಡುಗೆಮನೆಯ ಬೀಗ ತೆಗೆದು ಕಸ ಗುಡಿಸುವಷ್ಟರಲ್ಲಿ ಉಳಿದಿಬ್ಬರು ನೀರು ಹಿಡಿದಿರುತ್ತಿದ್ದರು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹಾಲಿನ ಪುಡಿ ಕದಡಿ ಕಾಯಿಸಿ, ಗಂಟು ಕಟ್ಟದಂತೆ ಸೋಸಿ, ಲೋಟಗಳಿಗೆ ಹಾಕಿ ಇಡಬೇಕು. ರಾಗಿ ಮಾಲ್ಟ್ ಕೊಡುವ ದಿನ ಅದನ್ನೂ ಬಿಡದೆ ಕಲಕುತ್ತ ನಿಲ್ಲಬೇಕು. ಕೆಳಗಿನ ತರಗತಿಯ ಮಗುವಿಗೆ 100 ಗ್ರಾಂ, ಆರರಿಂದ ಮೇಲಿನವರಿಗೆ 150 ಗ್ರಾಂ ಎಂಬ ಲೆಕ್ಕದಲ್ಲಿ ಇಪ್ಪತ್ತು ಕಿಲೋ ಮೀರಿದ ಅಕ್ಕಿಯನ್ನು ಆರಿಸಿ, ತೊಳೆದು, ಅಷ್ಟು ದೊಡ್ಡ ಪಾತ್ರೆಯನ್ನು ಇಬ್ಬರು ಸೇರಿ ಒಲೆಯಿಂದ ಇಳಿಸುವಾಗ ಹಬೆ ಮುಖಕ್ಕೆ ರಾಚುತ್ತದೆ. ಇದರ ನಡುವೆ ತರಕಾರಿ ಹೆಚ್ಚುವುದು, ಬೇಳೆ ಬೇಯಿಸುವುದು, ಮೊಟ್ಟೆ ಕೊಡುವ ದಿನ ನೂರೈವತ್ತಕ್ಕೂ ಹೆಚ್ಚು ಮೊಟ್ಟೆಗಳ ಸಿಪ್ಪೆ ಸುಲಿಯುವುದು. ಬಿಸಿ ಮೊಟ್ಟೆ ಸುಲಿದು ಸುಲಿದು ಬೆರಳ ತುದಿಯ ಚರ್ಮ ಎದ್ದಿರುವುದನ್ನು ನಾನೇ ನೋಡಿದ್ದೇನೆ. ಊಟ ಬಡಿಸಿದ ಮೇಲೆ ಪಾತ್ರೆ ತಿಕ್ಕಿ, ನೆಲ ತೊಳೆದು, ಮಾರನೆಯ ದಿನದ ಸಾಮಾನು ಲೆಕ್ಕ ಹಾಕಿ ಅವರು ಮನೆಗೆ ಹೊರಡುವಾಗ ಮೂರೂವರೆ ದಾಟಿರುತ್ತಿತ್ತು. ಮೊಟ್ಟೆಯನ್ನು ವಾರದಲ್ಲಿ ಆರು ದಿನಕ್ಕೆ ಏರಿಸಿದ್ದು ಮಕ್ಕಳ ದೃಷ್ಟಿಯಿಂದ ಅತ್ಯಂತ ಒಳ್ಳೆಯ ತೀರ್ಮಾನ. ಆದರೆ ಹಾಲು, ಮಾಲ್ಟ್, ಮೊಟ್ಟೆ ಎಂದು ಒಂದೊಂದಾಗಿ ಕೆಲಸ ಕೂಡಿಸುತ್ತ ಹೋದಾಗಲೂ ಗಂಟೆಯ ಲೆಕ್ಕ ಮಾತ್ರ ಕಾಗದದ ಮೇಲೆ ನಾಲ್ಕಾಗಿಯೇ ಉಳಿಯಿತು.

ಇನ್ನು ಹಣದ ಲೆಕ್ಕ. 2025-26ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ ಒಂದು ಸಾವಿರ ರೂಪಾಯಿ ಹೆಚ್ಚಳವೂ ಸೇರಿ ಮುಖ್ಯ ಅಡುಗೆಯವರಿಗೆ ತಿಂಗಳಿಗೆ 4,700, ಸಹಾಯಕ ಅಡುಗೆಯವರಿಗೆ 4,600 ರೂಪಾಯಿ ಆಗುತ್ತದೆ. ತಿಂಗಳಿಗೆ 26 ದಿನವೆಂದು ಹಿಡಿದರೆ ದಿನಕ್ಕೆ 180 ರೂಪಾಯಿಯ ಆಸುಪಾಸು. ಅದೇ ವರ್ಷ ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳೆತ್ತಲು ಹೋದವರಿಗೆ ನಮ್ಮ ರಾಜ್ಯದಲ್ಲಿ ನಿಗದಿಯಾಗಿದ್ದ ಕೂಲಿ ದಿನಕ್ಕೆ 370 ರೂಪಾಯಿ. ಎರಡನ್ನೂ ಕೊಡುವುದು ಸರ್ಕಾರವೇ, ದುಡಿಯುವವರೂ ಬಹುಪಾಲು ಅದೇ ಓಣಿಯ ಹೆಣ್ಣುಮಕ್ಕಳು. ಸಾಲದ್ದಕ್ಕೆ ಬಿಸಿಯೂಟದ ಹಣ ಬರುವುದು ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಬೇಸಿಗೆ ರಜೆಯಲ್ಲಿ ಒಲೆ ಆರಿರುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ರಜೆಯಲ್ಲಿ ಪಾಠ ಮಾಡದ ನನಗೆ ಒಂದು ತಿಂಗಳ ಸಂಬಳವೂ ನಿಂತದ್ದಿಲ್ಲ.

ಕೇಂದ್ರ ಸರ್ಕಾರದ ನಡೆ ಇನ್ನೂ ನೋವಿನದು. ಅಡುಗೆಯವರಿಗೆ ತಿಂಗಳಿಗೆ ಒಂದು ಸಾವಿರ ರೂಪಾಯಿ ಎಂದು ಕೇಂದ್ರ ಗೊತ್ತುಮಾಡಿದ್ದು 2009ರ ಡಿಸೆಂಬರ್‌ನಲ್ಲಿ. ಅದರಲ್ಲಿ ಈಗ ಕೇಂದ್ರದ ಪಾಲು 600, ಉಳಿದ 400 ರಾಜ್ಯದ್ದು. 2021ರಲ್ಲಿ ಯೋಜನೆಗೆ ಪಿಎಂ ಪೋಷಣ್ ಎಂಬ ಹೊಸ ಹೆಸರು ಬಂತು, ಆ 600 ಮಾತ್ರ 600 ಆಗಿಯೇ ಇದೆ. ಬೇಳೆ, ಎಣ್ಣೆ, ತರಕಾರಿಗೆ ಕೊಡುವ ಸಾಮಗ್ರಿ ವೆಚ್ಚವನ್ನು ಇದೇ ಸರ್ಕಾರ ಬೆಲೆ ಏರಿದಂತೆ ಏರಿಸುತ್ತಿದೆ. 2024ರ ಡಿಸೆಂಬರ್‌ನಲ್ಲಿ ಏರಿಸಿ, ಮತ್ತೆ 2025ರ ಮೇ ತಿಂಗಳಿಂದ ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 6.78 ರೂಪಾಯಿ, ಹಿರಿಯ ಪ್ರಾಥಮಿಕದವರಿಗೆ 10.17 ರೂಪಾಯಿ ಎಂದು ಪರಿಷ್ಕರಿಸಿತು. ಇದು ಆಗಲೇಬೇಕಾದ ಕೆಲಸ. ಆದರೆ ಬೇಳೆಯ ಬೆಲೆ ಏರಿದ್ದು ಕಾಣುವ ಕಣ್ಣಿಗೆ, ಆ ಬೇಳೆ ಬೇಯಿಸುವವಳ ಮನೆಯಲ್ಲೂ ಅದೇ ಬೇಳೆ ಅದೇ ಬೆಲೆಗೆ ಬರಬೇಕು ಎಂಬುದು ಹದಿನಾರು ವರ್ಷವಾದರೂ ಏಕೆ ಕಾಣಲಿಲ್ಲ?

ಗೌರವಧನ ಎಂಬ ಪದ ಇಲ್ಲಿ ಮಾಡುತ್ತಿರುವ ಕೆಲಸವೇ ಇದು. ಕೂಲಿ ಎಂದು ಕರೆದರೆ ಕನಿಷ್ಠ ವೇತನದ ಕಾನೂನು ಬರುತ್ತದೆ, ನೌಕರಿ ಎಂದರೆ ರಜೆ, ಭವಿಷ್ಯ ನಿಧಿ, ಇಎಸ್ಐ ಆರೋಗ್ಯ ವಿಮೆ, ಉಪದಾನ (ಗ್ರಾಚ್ಯುಟಿ) ಎಲ್ಲವೂ ಬರುತ್ತವೆ. ಗೌರವಧನ ಎಂದರೆ ಇವರು ಸೇವೆ ಮಾಡಲು ತಾವಾಗಿ ಬಂದವರು, ಅದಕ್ಕೆ ನಾವು ಸಂತೋಷದಿಂದ ಒಂದಿಷ್ಟು ಕೊಡುತ್ತಿದ್ದೇವೆ ಎಂದಾಗುತ್ತದೆ. ನಮ್ಮ ರಾಜ್ಯದಲ್ಲಿ ಈ ಯೋಜನೆಗೆ ಅಕ್ಷರ ದಾಸೋಹ ಎಂದು ಹೆಸರಿಟ್ಟರು. ದಾಸೋಹ ಎಂಬುದು ಶರಣರ ನಾಡಿನಲ್ಲಿ ಬಹಳ ತೂಕದ ಮಾತು. ತನ್ನ ಕಾಯಕದಿಂದ ಬಂದದ್ದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಆ ಅರ್ಥದಲ್ಲಿ ನೋಡಿದರೆ, ಸಿಗಬೇಕಾದ ಕೂಲಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ದಿನವೂ ಬಿಟ್ಟುಕೊಟ್ಟು ಊರ ಮಕ್ಕಳಿಗೆ ಉಣಬಡಿಸುತ್ತಿರುವ ಈ ಹೆಣ್ಣುಮಕ್ಕಳೇ ಇಪ್ಪತ್ತು ವರ್ಷಗಳಿಂದ ದಾಸೋಹ ನಡೆಸುತ್ತಿದ್ದಾರೆ. ಅವರನ್ನು ಕೇಳಿ ಮಾಡಿಸುತ್ತಿರುವ ದಾಸೋಹವೂ ಇದಲ್ಲ.

ಶಾಲೆಯಲ್ಲಿ ಬೇಯಿಸಿದ ಊಟ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್ 28ರಂದು. ನಮ್ಮ ರಾಜ್ಯದಲ್ಲಿ ಮರುವರ್ಷ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಮೊದಲು ಶುರುವಾಗಿ ಆಮೇಲೆ ಉಳಿದೆಡೆಗೆ ಹಬ್ಬಿತು. ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲಿ ಅದೇ ನ್ಯಾಯಾಲಯ ಹೇಳಿತು. ಹಾಗಾಗಿ ಈ ಕೆಲಸಕ್ಕೆ ಬಂದವರಲ್ಲಿ ಹಲವರು ಭೂಮಿ ಇಲ್ಲದವರು, ಗಂಡನನ್ನು ಕಳೆದುಕೊಂಡವರು, ದಲಿತ ಕೇರಿಯವರು. ದಲಿತ ಹೆಣ್ಣುಮಗಳು ಮಾಡಿದ ಊಟ ಬೇಡವೆಂದು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿಕೊಂಡು ಹೋದ ಪಾಲಕರ ಸುದ್ದಿ ಇಂದಿಗೂ ಬರುತ್ತಿರುವಾಗ, ಆ ಅವಮಾನವನ್ನು ನುಂಗಿಕೊಂಡು ಮರುದಿನ ಮತ್ತೆ ಒಲೆ ಹಚ್ಚುವವರು ಇವರು. ಗೌರವ ಎಂಬ ಮಾತಿಗೆ ಅರ್ಥವಿದ್ದರೆ ಮೊದಲು ಅಲ್ಲಿ ಕಾಣಬೇಕಿತ್ತು.

ಕಾನೂನಿನ ದೃಷ್ಟಿಯಿಂದಲೂ ಈ ಬೇಡಿಕೆ ಹೊಸದೇನಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಸರ್ಕಾರ ಕಾರ್ಮಿಕರು ಮತ್ತು ಮಾಲೀಕರನ್ನು ಒಟ್ಟಿಗೆ ಕೂರಿಸಿ ನಡೆಸುವ ಭಾರತೀಯ ಕಾರ್ಮಿಕ ಸಮ್ಮೇಳನದ 45ನೇ ಅಧಿವೇಶನ 2013ರಲ್ಲಿ ಅಂಗನವಾಡಿ, ಆಶಾ, ಬಿಸಿಯೂಟದಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಮತ್ತು ಸಾಮಾಜಿಕ ಭದ್ರತೆ ಕೊಡಬೇಕೆಂದು ಶಿಫಾರಸು ಮಾಡಿತು. 2020ರ ಡಿಸೆಂಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್, ಉತ್ತರ ಪ್ರದೇಶದ ಬಿಸಿಯೂಟದ ಅಡುಗೆಯವರೊಬ್ಬರ ಅರ್ಜಿಯಲ್ಲಿ, ತಿಂಗಳಿಗೆ ಸಾವಿರ ರೂಪಾಯಿ ಕೊಟ್ಟು ದುಡಿಸಿಕೊಂಡದ್ದು ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು. ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು 1972ರ ಉಪದಾನ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ, ಅವರಿಗೆ ಕೊಡುವುದನ್ನು ಗೌರವಧನವೆಂದು ಕರೆದ ಮಾತ್ರಕ್ಕೆ ಅದು ವೇತನವಾಗದೆ ಹೋಗುವುದಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತಳೆಯಿತು. ಅದೇ ತರ್ಕ ಶಾಲೆಯ ಅಡುಗೆಮನೆಯ ಹೊಸ್ತಿಲವರೆಗೆ ಬಂದು ಏಕೆ ನಿಲ್ಲಬೇಕು ಎಂಬುದು ನನಗೆ ತಿಳಿಯದು. 2025ರ ನವೆಂಬರ್ 21ರಿಂದ ಜಾರಿಯಾದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ, ಆ್ಯಪ್ ಮೂಲಕ ಊಟ ತಲುಪಿಸುವಂಥ ಕೆಲಸ ಮಾಡುವ ಗಿಗ್ ಕಾರ್ಮಿಕರನ್ನು ಹೆಸರಿಸಿ ಗುರುತಿಸಿದೆ. ನಮ್ಮ ರಾಜ್ಯವಂತೂ ಆ ಕಾರ್ಮಿಕರಿಗಾಗಿ 2025ರಲ್ಲಿ ತನ್ನದೇ ಕಾಯ್ದೆ ಮಾಡಿತು. ಮನೆಬಾಗಿಲಿಗೆ ಊಟ ತರುವ ಹುಡುಗನ ಕಷ್ಟ ಕಂಡ ಸರ್ಕಾರಕ್ಕೆ ಶಾಲೆಯಲ್ಲಿ ಅಡುಗೆ ಮಾಡಿ ಹಾಕುವ ತಾಯಿಯ ಕಷ್ಟವೂ ಕಾಣಬೇಕು.

ನಮ್ಮ ಶಾಲೆಯಲ್ಲಿ ನಡೆದ ಎರಡು ಸಂಗತಿಗಳನ್ನು ಹೇಳದೆ ಇರಲಾರೆ. ಒಂದು ಮಳೆಗಾಲದ ದಿನ ಗಂಜಿ ಬಸಿಯುವಾಗ ಪಾತ್ರೆ ಜಾರಿ ಸಹಾಯಕ ಅಡುಗೆಯವರೊಬ್ಬರ ಬಲಗಾಲು ಮೊಣಕಾಲಿನವರೆಗೆ ಸುಟ್ಟಿತು. ಆಸ್ಪತ್ರೆಯ ಖರ್ಚಿಗೆ ಶಿಕ್ಷಕರು ಕೈಯಿಂದ ಹಣ ಕೂಡಿಸಿದೆವು. ಕೆಲಸಕ್ಕೆ ಬರಲಾಗದ ದಿನಗಳಿಗೆ ಬದಲಿ ಆಳನ್ನು ಅವರೇ ಕಳಿಸಿ, ಆ ಆಳಿನ ಕೂಲಿಯನ್ನೂ ಅವರೇ ಕೊಡಬೇಕಾಗಿತ್ತು. ದಿನಕ್ಕೆ ನೂರೈವತ್ತರ ಒಳಗೆ ಸಿಗುತ್ತಿದ್ದವರು ಬದಲಿಗೆ ಬಂದವರಿಗೆ ಇನ್ನೂರೈವತ್ತು ಕೊಟ್ಟರು. ಹನ್ನೆರಡನೆಯ ದಿನಕ್ಕೆ ಕಾಲಿಗೆ ಬಟ್ಟೆ ಸುತ್ತಿಕೊಂಡೇ ಒಲೆಯ ಮುಂದೆ ಬಂದು ನಿಂತರು. ಬೇಡವೆಂದು ಹೇಳುವ ಬಾಯಿ ನನಗೂ ಇರಲಿಲ್ಲ.

ಎರಡನೆಯದು, ಯೋಜನೆ ನಮ್ಮೂರಿಗೆ ಬಂದ ದಿನದಿಂದ ದುಡಿದಿದ್ದ ಮುಖ್ಯ ಅಡುಗೆಯವರಿಗೆ ಅರವತ್ತು ತುಂಬಿತೆಂದು 2022ರಲ್ಲಿ ಬಿಡುಗಡೆ ಮಾಡಬೇಕಾಗಿ ಬಂದದ್ದು. ಶಾಲೆಯಿಂದ ಒಂದು ಸೀರೆ, ಕಾಯಿ, ಎಲೆ ಅಡಿಕೆ ಕೊಟ್ಟು ಉಡಿ ತುಂಬಿದೆವು. ಏಳನೆಯ ತರಗತಿಯ ಹುಡುಗಿಯರು ಅಳುತ್ತಿದ್ದರು. ಎಲ್ಲ ಮುಗಿದ ಮೇಲೆ ಅವರು ನನ್ನ ಕೋಣೆಯ ಬಾಗಿಲ ಬಳಿ ಬಂದು, ‘ಸರ್, ನಾಳಿಂದ ನನಗ ಏನ್ ಬರತೈತ್ರಿ?’ ಎಂದು ಕೇಳಿದರು. ಆ ದಿನ ಉತ್ತರ ಸೊನ್ನೆಯಾಗಿತ್ತು. ಹೋರಾಟಗಳಾದ ಮೇಲೆ ಇಡುಗಂಟು ಎಂದು ಒಂದು ಸಣ್ಣ ಮೊತ್ತ ಕೊಡಲು ಸರ್ಕಾರ ಒಪ್ಪಿತು, ಅದಕ್ಕೆ ಕೃತಜ್ಞತೆ ಇದೆ. ಆದರೆ ಒಂದು ಸಲ ಕೈಗೆ ಬಂದು ಔಷಧಕ್ಕೂ ಸಾಲಕ್ಕೂ ಕರಗಿ ಹೋಗುವ ಗಂಟು ಮುಪ್ಪಿನ ಆಸರೆಯಾಗಲಾರದು. ನನಗೆ ತಿಂಗಳ ಒಂದನೆಯ ತಾರೀಕಿನ ಸುಮಾರಿಗೆ ಪಿಂಚಣಿ ಜಮೆಯಾಗುತ್ತದೆ. ಅದೇ ಶಾಲೆಯಲ್ಲಿ ನನಗಿಂತ ಮೊದಲು ಬಂದು ನನ್ನ ಜೊತೆಗೇ ಹೊರಡುತ್ತಿದ್ದ ಆ ತಾಯಿ ಈಗ ಅರವತ್ಮೂರನೆಯ ವಯಸ್ಸಿನಲ್ಲಿ ಶೇಂಗಾ ಬಿಡಿಸಲು ಕೂಲಿಗೆ ಹೋಗುತ್ತಾರೆ.

ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಾಜ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಡುಗೆಯವರಿದ್ದಾರೆ. ಅವರಿಗೆ ತಪ್ಪುತ್ತಿರುವ ಎರಡು ತಿಂಗಳ ಹಣವನ್ನು ಈಗಿನ ದರದಲ್ಲೇ ಕೊಟ್ಟರೂ ತಗಲುವುದು ನೂರು ಕೋಟಿ ರೂಪಾಯಿಯ ಆಸುಪಾಸು. 2025-26ರ ರಾಜ್ಯ ಬಜೆಟ್ಟಿನ ಗಾತ್ರ ನಾಲ್ಕು ಲಕ್ಷ ಕೋಟಿಗೂ ಮಿಗಿಲು. ಕೇರಳದಲ್ಲಿ ಶಾಲೆಯ ಅಡುಗೆಯವರಿಗೆ ಕೆಲಸದ ಪ್ರತಿ ದಿನಕ್ಕೆ 600 ರೂಪಾಯಿಗೂ ಹೆಚ್ಚು ಗೊತ್ತುಮಾಡಿದ್ದಾರೆ. ತಮಿಳುನಾಡಿನಲ್ಲಿ ಮಧ್ಯಾಹ್ನದ ಊಟದ ಸಿಬ್ಬಂದಿಗೆ ವಿಶೇಷ ವೇತನ ಶ್ರೇಣಿಯಿದೆ, ನಿವೃತ್ತಿಯ ನಂತರ ಸಣ್ಣದಾದರೂ ಮಾಸಿಕ ಪಿಂಚಣಿಯಿದೆ. ಅವುಗಳ ಬೊಕ್ಕಸ ನಮ್ಮದಕ್ಕಿಂತ ತುಂಬಿ ತುಳುಕುತ್ತಿದೆ ಎಂದು ಯಾರೂ ಹೇಳಲಾರರು.

ಹನ್ನೆರಡು ತಿಂಗಳ ಪಾವತಿಯ ಆದೇಶ, ಕೆಲಸದಲ್ಲಿ ಸುಟ್ಟು ಗಾಯಗೊಂಡವರ ಚಿಕಿತ್ಸೆ ಮತ್ತು ಬದಲಿ ಆಳಿನ ಕೂಲಿಯ ಹೊಣೆ, ಇವೆರಡನ್ನು ರಾಜ್ಯ ಸರ್ಕಾರ ಈ ಬಜೆಟ್ಟಿನಲ್ಲೇ ವಹಿಸಿಕೊಳ್ಳಬಹುದು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಅಂಗನವಾಡಿಯವರಿಗೆ ಸಿಕ್ಕ ಉಪದಾನದ ಹಕ್ಕನ್ನು ಇವರಿಗೂ ವಿಸ್ತರಿಸಬೇಕು. ಶಾಲೆಯ ಅಡುಗೆ ಕೆಲಸಕ್ಕೂ ಕನಿಷ್ಠ ವೇತನದ ಕಾನೂನನ್ನು ಅನ್ವಯಿಸಿ, ನಿಜವಾಗಿ ದುಡಿಯುವ ಗಂಟೆಗಳ ಲೆಕ್ಕದಲ್ಲಿ ಸಂಬಳ ಗೊತ್ತುಮಾಡುವುದು ದೊಡ್ಡ ಕೆಲಸವೇ ಸರಿ, ಅದಕ್ಕೆ ಕೇಂದ್ರ ತನ್ನ 600 ರೂಪಾಯಿಯ ಪಾಲನ್ನು ಏರಿಸಲೇಬೇಕು. ನಮ್ಮ ಸಂಸದರು ಪಕ್ಷಭೇದ ಬಿಟ್ಟು ಇದನ್ನು ಸಂಸತ್ತಿನಲ್ಲಿ ಕೇಳಬೇಕು.

ನಾನು ಕೆಲಸ ಮಾಡಿದ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕಳೆದ ತಿಂಗಳು ಸಭೆ ಸೇರಿ ಈ ಬೇಡಿಕೆಗಳ ಠರಾವು ಮಾಡಿ, ಸದಸ್ಯರೆಲ್ಲರ ಸಹಿಯೊಂದಿಗೆ ಶಾಸಕರಿಗೂ ಜಿಲ್ಲಾ ಪಂಚಾಯಿತಿಗೂ ಕೊಟ್ಟಿದೆ. ಸಹಿ ಹಾಕಿದ ಪಾಲಕರಲ್ಲಿ ಹಲವರು ಅದೇ ಅಡುಗೆಮನೆಯ ಊಟ ಉಂಡು ಬೆಳೆದವರು. ತಮ್ಮ ಪತ್ರಿಕೆ ಓದುವ ಎಸ್‌ಡಿಎಂಸಿ ಸದಸ್ಯರು, ಶಿಕ್ಷಕ ಮಿತ್ರರು ತಮ್ಮ ತಮ್ಮ ಊರಿನಿಂದಲೂ ಇಂಥ ಠರಾವನ್ನು ಬಜೆಟ್ ಮಂಡನೆಗೆ ಮೊದಲೇ ಕಳಿಸಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುಖ್ಯ ಶಿಕ್ಷಕ,
ಗದಗ ಜಿಲ್ಲೆ