ಜರ್ಮನಿಗೆ ಹೊರಟವರಿಗೆ: ‘ಗಿಫ್ಟ್’ ಅಂದರೆ ವಿಷ

ಗೆಳೆಯರೇ, ಜರ್ಮನಿಯಲ್ಲಿ ಡಬ್ಬಿಯ ಮೇಲೆ ‘ಗಿಫ್ಟ್’ ಎಂದಿದ್ದರೆ ಅದು ಉಡುಗೊರೆಯಲ್ಲ, ವಿಷ. ದಯವಿಟ್ಟು ಮಕ್ಕಳಿಗೆ ಸಿಗದ ಹಾಗೆ ಇಡಿ. ಉಡುಗೊರೆಗೆ ಅಲ್ಲಿ ‘ಗೆಶೆಂಕ್’ ಅನ್ನುತ್ತಾರೆ.

ಇಂಗ್ಲಿಷಿನ ಗಿಫ್ಟ್‌ಗೂ ಇದಕ್ಕೂ ಬೇರು ಒಂದೇ: ಕೊಡುವುದು. ಗ್ರೀಕರು ಔಷಧಿಯ ಅಳತೆಗೆ ‘ಡೋಸಿಸ್’, ಅಂದರೆ ಕೊಟ್ಟದ್ದು, ಎನ್ನುತ್ತಿದ್ದರು. ಅದೇ ಜಾಡಿನಲ್ಲಿ ಜರ್ಮನ್‌ನಲ್ಲಿ ‘ಕೊಟ್ಟದ್ದು’ ವಿಷವಾಯಿತು. ನಮ್ಮಲ್ಲೂ ‘ಮದ್ದು ಹಾಕಿದರು’ ಅಂತಾರೆ, ಅಲ್ವಾ? ಹಳೆಯ ಅರ್ಥ ‘ಮಿಟ್‌ಗಿಫ್ಟ್’ ಎಂಬ ಪದದಲ್ಲಿ ಉಳಿದಿದೆ. ಅದು ಮದುವೆಯಲ್ಲಿ ಹೆಣ್ಣಿನ ಜೊತೆ ಕೊಟ್ಟು ಕಳಿಸುವ ಆಸ್ತಿ, ಹಣ.

ಸ್ವೀಡಿಶ್‌ನಲ್ಲಿ ಇನ್ನೂ ಸೊಗಸು. ಬರೆಯುವುದು ಹಾಗೇ, ಹೇಳುವುದು ‘ಯಿಫ್ಟ್’. ಅರ್ಥ ವಿಷವೂ ಹೌದು, ‘ಮದುವೆಯಾದವರು’ ಅಂತಲೂ ಹೌದು. ಹೆಣ್ಣು ಕೊಡುವುದರಿಂದ ಬಂದ ಅರ್ಥ ಅದು. ಡ್ಯಾನಿಶ್, ನಾರ್ವೇಜಿಯನ್‌ನಲ್ಲೂ ಎರಡೂ ಅರ್ಥ ಇವೆ.

ಇಂಥ ಬೇರೆ ಪದ ಗೊತ್ತಿದ್ದರೆ ಇಲ್ಲೇ ಹಾಕಿ.