ಮಗಳಿಗೊಂದು ಪತ್ರ: ಪದಕದ ಅಂಚನ್ನೂ ಓದು

ಪ್ರೀತಿಯ ಮಗಳೇ,

ಮಾಜಿ ಸೈನಿಕರ ನಿಧನವಾರ್ತೆ ಬರೆಯುವ ಕೆಲಸ ನಿನ್ನ ಪಾಲಿಗೆ ಬಂದಿದೆಯಲ್ಲ, ಮೊದಲು ‘ಅಪ್ರತಿಮ ದೇಶಭಕ್ತ’, ‘ಕೆಚ್ಚೆದೆಯ ಯೋಧ’ ಇವೆರಡನ್ನೂ ಪಕ್ಕಕ್ಕಿಡು. ಯಾರ ಹೆಸರಿನ ಮುಂದೆ ಬೇಕಾದರೂ ಅಂಟಿಸಬಹುದು ಅವನ್ನು. ಎಂಬತ್ತು ದಾಟಿ ಮನೆಯಲ್ಲೇ ತೀರಿಕೊಂಡವರಿಗೆ ‘ಹುತಾತ್ಮ’ ಅನ್ನಲೂಬೇಡ.

ಮನೆಯವರ ಹತ್ತಿರ ಡಿಸ್ಚಾರ್ಜ್ ಬುಕ್ ಕೇಳು, ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆ ಅದು. ಸೇರಿದ್ದು, ಬಿಟ್ಟಿದ್ದು, ಟ್ರೇಡು (ಸೇನೆಯಲ್ಲಿ ಮಾಡುತ್ತಿದ್ದ ಕೆಲಸ), ಕೊನೆಯ ರ‍್ಯಾಂಕು ಅದರಲ್ಲಿರುತ್ತವೆ. ‘ಆನರರಿ ಕ್ಯಾಪ್ಟನ್’ (ಗೌರವಾರ್ಥ ಕ್ಯಾಪ್ಟನ್) ಅಂತಿದ್ದರೆ ಹಾಗೇ ಬರೆ, ಬರೀ ‘ಕ್ಯಾಪ್ಟನ್’ ಅನ್ನಬೇಡ. ಸಿಪಾಯಿಯಾಗಿ ಸೇರಿ ಅಲ್ಲಿಯವರೆಗೆ ಏರಿದ್ದು ಸಣ್ಣ ಮಾತೇ? ರೆಜಿಮೆಂಟಿನ ಹೆಸರಷ್ಟೇ ಸಾಲದು, ಬೆಟಾಲಿಯನ್ ಸಂಖ್ಯೆ ಬೇಕು. ಒಂದೇ ರೆಜಿಮೆಂಟಿನ ಬೆಟಾಲಿಯನ್‌ಗಳು ಬೇರೆ ಬೇರೆ ಗಡಿಗಳಲ್ಲಿ ಇರುತ್ತವೆ.

ಆಮೇಲೆ ಪದಕಗಳನ್ನು ಕೈಗೆತ್ತಿಕೋ. ಅಂಚನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಓರೆ ಹಿಡಿದರೆ ಸೈನಿಕನ ನಂಬರು, ರ‍್ಯಾಂಕು, ಹೆಸರು ಸಾಮಾನ್ಯವಾಗಿ ಕಾಣುತ್ತವೆ. ‘1971ರ ಯುದ್ಧದಲ್ಲಿ ಢಾಕಾಕ್ಕೆ ಹೋಗಿದ್ದರು’ ಅಂತ ಮನೆಯವರು ಹೇಳುತ್ತಿರುತ್ತಾರೆ, ಪೆಟ್ಟಿಗೆಯಲ್ಲಿ ನೋಡಿದರೆ ಪಶ್ಚಿಮ ಗಡಿಯಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್! ಪೂರ್ವದಲ್ಲಿದ್ದವರಿಗೆ ಸಿಕ್ಕಿದ್ದು ಪೂರ್ವಿ ಸ್ಟಾರ್. ಅದೇ ಯುದ್ಧದ ಸಂಗ್ರಾಮ್ ಮೆಡಲ್ ಒಂದೇ ಇದ್ದರೆ ಯಾವ ಕಡೆಯೆಂದು ಅದರಿಂದ ಗೊತ್ತಾಗುವುದಿಲ್ಲ. ಮನೆಯವರು ಸುಳ್ಳು ಹೇಳಿದರೆಂದಲ್ಲ, ಆ ಯುದ್ಧ ಅಂದರೆ ಢಾಕಾ ಎಂಬುದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಎದೆಯ ತುಂಬ ಪದಕವಿದ್ದ ಮಾತ್ರಕ್ಕೆ ಶೌರ್ಯ ಪ್ರಶಸ್ತಿ ಬಂದಿತ್ತೆಂದೂ ಬರೆಯಬೇಡ. ಸ್ವಾತಂತ್ರ್ಯದ 25ನೇ ವರ್ಷದ ಪದಕ ಆಗ ಸೇವೆಯಲ್ಲಿದ್ದ ಎಲ್ಲರಿಗೂ ಬಂದದ್ದು. ವೀರ ಚಕ್ರದಂಥ ಶೌರ್ಯ ಪ್ರಶಸ್ತಿಯಾದರೆ ಸರ್ಕಾರದ ಗೆಜೆಟ್‌ನಲ್ಲಿ ಇರುತ್ತದೆ, ಅಲ್ಲಿ ನೋಡಿಯೇ ಬರೆ.

ಪ್ರಶಸ್ತಿಯಿಲ್ಲದವರ ಬಗ್ಗೆ ಬರೆಯಲು ಏನೂ ಇಲ್ಲ ಅನಿಸಿದರೆ ಕೇಳಿದ್ದು ಸಾಲಲಿಲ್ಲವೆಂದೇ ಅರ್ಥ. ‘ಸಿಗ್ನಲ್ಸ್‌ನಲ್ಲಿದ್ದರು’, ಅಂದರೆ ಸೇನೆಯ ಸಂಪರ್ಕ ವಿಭಾಗದಲ್ಲಿದ್ದರು, ಎಂದಷ್ಟೇ ಬರೆದರೆ ಏನು ಗೊತ್ತಾಯಿತು? ಫಿರಂಗಿಯ ಶೆಲ್ ಬಿದ್ದು ಟೆಲಿಫೋನ್ ತಂತಿ ತುಂಡಾದರೆ ಲೈನ್‌ಮನ್ ಕತ್ತಲಲ್ಲಿ ತಂತಿಯನ್ನು ಅಂಗೈಯಲ್ಲಿ ಜಾರಿಸಿಕೊಂಡೇ ಹೋಗಬೇಕು, ತುಂಡಾದ ಕಡೆ ಇನ್ನೊಂದು ತುದಿ ತಡಕಬೇಕು, ಸಿಪ್ಪೆ ಸುಲಿದು ಗಂಟು ಹಾಕಬೇಕು. ಮತ್ತೆ ಶೆಲ್ ಬಿದ್ದರೆ ಮತ್ತೆ ಹೊರಡಬೇಕು. ಇಂಥದ್ದು ಮಕ್ಕಳಿಗಿಂತ ಜೊತೆಯಲ್ಲಿದ್ದವರಿಗೆ ಚೆನ್ನಾಗಿ ಗೊತ್ತು, ಅವರಿಗೊಂದು ಫೋನ್ ಮಾಡು.

ನಿವೃತ್ತಿಯಾದ ಮೇಲಿನ ಬದುಕನ್ನು ಬಿಡಬೇಡ. ನಲವತ್ತರೊಳಗೇ ಪಿಂಚಣಿಗೆ ಬಂದವರು ಆಮೇಲೆ ಅಷ್ಟೇ ವರ್ಷ ಬಾಳಿರುತ್ತಾರೆ.

ಅಚ್ಚಿಗೆ ಕಳಿಸುವ ಮುಂಚೆ ಹೆಸರನ್ನು ಮನೆಯವರಿಗೆ ಓದಿ ಹೇಳು. ದಾಖಲೆಯ ಇಂಗ್ಲಿಷ್ ಅಕ್ಷರ ನಂಬಿಕೊಂಡರೆ ಬಸಪ್ಪನವರು ಬಾಸಪ್ಪ ಆಗಿಬಿಡುತ್ತಾರೆ.

ನಿನ್ನ
ಅಪ್ಪ